ಕದಿರಜ್ಜನ ಗುಡಿಸಲು

"ಮಾವ, ಕದಿರಜ್ಜನ ಕತೆ ನೀನು ಚಂದ ಮಾಡಿ ಹೇಳ್ತೀಯ. ಅದು ಚಂದ ಇಲ್ಲ."

ಇದು ನನ್ನ ಹೆಂಡತಿ ಪಾಲಕ್ಕ ನನಗೆ ಹೇಳಿದ ಕೊನೆ ಮಾತು. ಮದುವೆಯಾದ ದಿನದಿಂದ ಅವಳು ನನ್ನನ್ನು ಮಾವ ಅಂತಲೇ ಕರೆಯುತ್ತಿದ್ದಳು. ಹಾಸಿಗೆ ಹಿಡಿದಿದ್ದ ಅವಳನ್ನು ನೋಡಲು ಅವತ್ತು ನೆಂಟರು ಬಂದಿದ್ದರು. ಸುಮ್ಮನೆ ಕೂರಲಾರದೆ ನಾನು ಅವರಿಗೆ ಕತೆ ಹೇಳುತ್ತಿದ್ದೆ. ಅವಳು ಮಲಗಿದ್ದಲ್ಲಿಂದಲೇ ಕೇಳಿಸಿಕೊಂಡು ಇಷ್ಟು ಹೇಳಿದಳು. ಆಮೇಲೆ ನೀರು ಸಹ ಕೇಳಲಿಲ್ಲ. ಹೊತ್ತು ಇಳಿಯುವ ಮುಂಚೆ ಹೋದಳು.

ನಾನು ಮೂರನೇ ಕ್ಲಾಸು ಓದಿದವನು. ಬರೆಯುವುದು ನಿಧಾನ. ಈ ಸಲ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಕೇಳಿ.

ಬಹಳ ಹಿಂದೆ, ಮೂಡಲ ಸೀಮೆಯಲ್ಲಿ ಒಂದು ಊರು. ಅದು ನಮ್ಮ ಊರೇ. ಯಾವ ವರ್ಷ ಅಂತ ಕೇಳಬೇಡಿ, ಯಾರಿಗೂ ಗೊತ್ತಿಲ್ಲ. ರಾಜರು ಹೋಗಿದ್ದರು. ನಮ್ಮ ರಾಜ್ಯ ನಮಗೆ ಬಂತು ಅಂತ ಊರೂರಲ್ಲಿ ಬಾವುಟ ಕಟ್ಟಿದ್ದರು. ಬಾವುಟದ ಬಣ್ಣ ಇನ್ನೂ ಹೋಗಿರಲಿಲ್ಲ. ಅಷ್ಟು ಮಾತ್ರ ಹೇಳಬಲ್ಲೆ.

ಆ ಕಾಲದಲ್ಲಿ ಕದಿರಪ್ಪ ಅಂತ ಒಬ್ಬ ಇದ್ದ. ಭೋವಿ ಜನ. ಕೆರೆ ಕಟ್ಟುವುದು ಅವನ ಕಸುಬು, ಅವನ ಅಪ್ಪನ ಕಸುಬು, ಅವನ ಅಪ್ಪನ ಅಪ್ಪನ ಕಸುಬು. ಹತ್ತು ಹದಿನೈದು ಕತ್ತೆ, ಒಂದಷ್ಟು ಗುದ್ದಲಿ, ಬುಟ್ಟಿ. ಅಷ್ಟೇ ಅವನ ಆಸ್ತಿ. ಹೆಂಡತಿ ತೀರಿಕೊಂಡಿದ್ದಳು. ಸುಂಕಲಮ್ಮ ಅಂತ ಒಬ್ಬಳೇ ಮಗಳು, ನಾಲ್ಕು ಹರದಾರಿ ಆಚೆ ಊರಿಗೆ ಕೊಟ್ಟಿದ್ದ. ವಯಸ್ಸಾದ ಮೇಲೆ ಜನ ಅವನನ್ನು ಕದಿರಜ್ಜ ಅಂದರು.

ಕದಿರಜ್ಜ ಮಣ್ಣನ್ನು ನಾಲಿಗೆ ಮೇಲೆ ಇಟ್ಟುಕೊಂಡು ನೋಡುತ್ತಿದ್ದನಂತೆ. ಇದು ನೀರು ಹಿಡಿಯುತ್ತೆ, ಇದು ಹಿಡಿಯಲ್ಲ ಅನ್ನುತ್ತಿದ್ದನಂತೆ. ಏರಿಯ ಮೇಲೆ ಬರಿಗಾಲಲ್ಲಿ ಒಂದು ಸಲ ಹೋಗಿ ಬಂದರೆ ಎಲ್ಲಿ ಇಲಿ ಬಿಲ ತೋಡಿದೆ ಅಂತ ಬೆರಳು ಮಾಡಿ ತೋರಿಸುತ್ತಿದ್ದನಂತೆ. ಅವನು ಕಟ್ಟಿದ್ದು ಹನ್ನೆರಡು ಕೆರೆ ಅಂತ ಕೆಲವರು. ಇಪ್ಪತ್ತು ಅಂತ ಕೆಲವರು. ನನ್ನ ತಾಯಿ ನೂರೊಂದು ಅನ್ನುತ್ತಿದ್ದಳು. ಎಷ್ಟೋ ಗೊತ್ತಿಲ್ಲ. ಒಂದೂ ಒಡೆಯಲಿಲ್ಲ. ಅದರಲ್ಲಿ ಎಲ್ಲರದೂ ಒಂದೇ ಮಾತು.

ಅವನು ಕಟ್ಟುವ ರೀತಿ ಹೀಗೆ. ಗಟ್ಟಿ ನೆಲ ಸಿಗುವವರೆಗೂ ಅಡಿಪಾಯ ತೋಡುವುದು. ಅದರಲ್ಲಿ ಎರೆಮಣ್ಣು ತುಂಬಿ, ನೀರು ಹಾಕಿ, ಕತ್ತೆಗಳಿಂದ ತುಳಿಸುವುದು. ಒಂದು ಗೇಣು ಮಣ್ಣು ಏರಿದ ಮೇಲೆ ನಿಲ್ಲಿಸುವುದು. ಸಂಜೆ ಅದರಲ್ಲಿ ಒಂದು ಗುಳಿ ತೋಡಿ ಒಂದು ಕೊಡ ನೀರು ಹೊಯ್ಯುವುದು. ಬೆಳಗ್ಗೆ ನೀರು ಹಾಗೇ ಇದ್ದರೆ ಮುಂದಿನ ಗೇಣು. ಇಳಿದಿದ್ದರೆ ಕಿತ್ತು ಮೊದಲಿನಿಂದ. ಕೊನೆಗೆ ಒಳಮೈಗೆ, ಅಂದರೆ ನೀರು ತಾಗುವ ಕಡೆಗೆ, ಚಪ್ಪಟೆ ಕಲ್ಲು ಹಾಸುವುದು.

ಇನ್ನೊಂದು ಕಟ್ಟಳೆ ಇತ್ತು. ಕೆರೆ ಕಟ್ಟುವವನು ಕೆಲಸ ಶುರುವಾದ ದಿನ ಏರಿಯ ಕೆಳಗೆ, ನೀರು ನುಗ್ಗಿದರೆ ಮೊದಲು ಕೊಚ್ಚಿಹೋಗುವ ಜಾಗದಲ್ಲಿ, ಗುಡಿಸಲು ಹಾಕಬೇಕು. ಅಲ್ಲೇ ಉಣ್ಣಬೇಕು, ಅಲ್ಲೇ ಮಲಗಬೇಕು. ಕೆಲಸ ಮುಗಿದರೂ ಹೋಗುವ ಹಾಗಿಲ್ಲ. ಮಳೆ ಬಂದು, ಕೆರೆ ತುಂಬಿ, ಕೋಡಿ ಬೀಳಬೇಕು. ಅವತ್ತು ಊರಿನವರು ತಮಟೆ ಬಡಿದುಕೊಂಡು ಬಂದು, ಅವನಿಗೆ ರುಮಾಲು ಸುತ್ತಿ, ತಾವೇ ಗುಡಿಸಲು ಕೀಳುವರು. ಕಟ್ಟಿದವನು ತನ್ನ ಗುಡಿಸಲನ್ನು ತಾನೇ ಕೀಳಬಾರದು. ಕಿತ್ತರೆ ಮತ್ತೆ ಮಣ್ಣು ಮುಟ್ಟಬಾರದು.

ಹಾಗಾಗಿ ಕೆರೆ ಕೆಳಗೆ ಹೊಲ ಮಾಡುವವರು ಏರಿ ನೋಡುತ್ತಿರಲಿಲ್ಲ. ಏರಿ ನೋಡಿ ಅವರಿಗೇನು ತಿಳಿಯುತ್ತೆ? ಗುಡಿಸಲು ನೋಡುತ್ತಿದ್ದರು. ಬೆಳಗ್ಗೆ ಅದರಲ್ಲಿ ಹೊಗೆ ಎದ್ದರೆ ಸರಿ, ತಮ್ಮ ಒಲೆ ಹಚ್ಚುತ್ತಿದ್ದರು.

ಇಷ್ಟು ಹಳೇದು. ಇನ್ನು ಹೊಸದು.

ಒಂದು ದಿನ ಊರಿಗೆ ಮಂತ್ರಿ ಬಂದರು. ಇಲ್ಲಿ ದೊಡ್ಡ ಕೆರೆ ಕಟ್ಟುತ್ತೇವೆ ಅಂದರು. ಜೀತ ಇದ್ದ ನಲವತ್ತು ಮನೆಯವರನ್ನು ಬಿಡಿಸಿ ಕೆರೆ ಕೆಳಗೆ ಭೂಮಿ ಕೊಡುತ್ತೇವೆ ಅಂದರು. ನೀವು ಹೊರುವ ಒಂದೊಂದು ಬುಟ್ಟಿ ಮಣ್ಣೂ ದೇಶ ಕಟ್ಟುವ ಮಣ್ಣು ಅಂದರು. ಜನ ಚಪ್ಪಾಳೆ ಹೊಡೆದರು. ಕದಿರಜ್ಜನಿಗೆ ಚಪ್ಪಾಳೆ ಹೊಡೆದು ಅಭ್ಯಾಸ ಇರಲಿಲ್ಲ. ಎದ್ದು ನಿಂತು ಕೈ ಮುಗಿದನಂತೆ. ಮಗಳ ಊರಿಗೆ ಹೋಗಿ, ಇಷ್ಟು ದಿನ ರಾಜರಿಗೆ ಕಟ್ಟಿದೆ, ಗೌಡರಿಗೆ ಕಟ್ಟಿದೆ, ಇದೊಂದು ನಮಗೆ ಕಟ್ಟುತ್ತಿದ್ದೇನೆ ಅಂತ ಹೇಳಿ ಬಂದನಂತೆ. ಬಂದವನೇ ಕೆಳಗೆ ಗುಡಿಸಲು ಹಾಕಿದ. ಗಟ್ಟಿ ಗುಡಿಸಲು. ಕತ್ತಾಳೆ ಹಗ್ಗದಿಂದ ಬಿಗಿದು ಕಟ್ಟಿದ. ಬಹಳ ದಿನ ನಿಲ್ಲಬೇಕು ಅಂತ.

ಕೆಲಸದ ಗುತ್ತಿಗೆ ಮಂತ್ರಿಯ ಭಾಮೈದನಿಗೆ ಆಯಿತು. ಕದಿರಜ್ಜ ಅವನ ಕೈಕೆಳಗೆ ಮೇಸ್ತ್ರಿ.

ಅಡಿಪಾಯ ತೋಡಲು ಶುರು ಮಾಡಿದರು. ಕದಿರಜ್ಜ ಎರಡಾಳು ಆಳ ಬೇಕು ಅಂದ. ಮೊಣಕಾಲುದ್ದ ಆಗುತ್ತಲೇ ಭಾಮೈದ ಸಾಕು ಅಂದ.

"ಅಜ್ಜ, ಭೂಮಿ ಒಳಗೆ ಇರೋದು ಯಾರಿಗೆ ಕಾಣುತ್ತೆ?"

"ನೀರಿಗೆ ಕಾಣುತ್ತೆ ಸ್ವಾಮಿ."

ಭಾಮೈದ ನಕ್ಕನಂತೆ. ಜೊತೆಗಿದ್ದವರೂ ನಕ್ಕರಂತೆ. ನೀರಿಗೂ ಕಣ್ಣಿದೆಯಂತೆ ನೋಡ್ರೋ, ನಾಳೆ ಕನ್ನಡಕ ಕೇಳುತ್ತೆ ಅಂದನಂತೆ.

ಆಮೇಲೆ ಮಣ್ಣು. ಎರೆಮಣ್ಣು ಎರಡು ಹರದಾರಿ ದೂರದಿಂದ ಬರಬೇಕು. ಗಾಡಿ ಬರಲಿಲ್ಲ. ಪಕ್ಕದಲ್ಲೇ ಚೌಳು ನೆಲ ಇತ್ತು. ಬೆಳ್ಳಗೆ ಉಪ್ಪು ಅರಳಿದ ನೆಲ, ಹುಲ್ಲೂ ಬೆಳೆಯಲ್ಲ. ಅದನ್ನೇ ಕೆರೆದು ಸುರಿದರು. ಕದಿರಜ್ಜ ನಾಲಿಗೆ ಮೇಲೆ ಇಟ್ಟು ಉಗಿದ. ಅಳತೆ ಸಾಹೇಬರು ಬಂದ ದಿನ ಆ ಮಣ್ಣಿನ ಒಂದು ಉಂಡೆ ಕಟ್ಟಿ ಅವರ ಎದುರಿಗೆ ಒಂದು ಕೊಡ ನೀರಿಗೆ ಹಾಕಿದ. ಒಂದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಉಂಡೆ ಇರಲಿಲ್ಲ. ನೀರು ಹಾಲಿನ ಹಾಗಾಗಿತ್ತು. ಸಾಹೇಬರು ಕೊಡದೊಳಗೆ ನೋಡಿದರು. ಬಹಳ ಹೊತ್ತು ನೋಡಿದರಂತೆ. ಆಮೇಲೆ ಎರೆಮಣ್ಣು ಅಂತ ಬರೆದುಕೊಂಡು ಹೋದರು. ಕೆಟ್ಟವರಲ್ಲ ಅಂತಾರೆ. ಅವರಿಗಿಂತ ಮುಂಚೆ ಇದ್ದ ಸಾಹೇಬರು ನಿಜ ಬರೆದು, ಎಲ್ಲೋ ಮಲೇರಿಯಾ ಕಾಡಿಗೆ ವರ್ಗವಾಗಿ, ಅಲ್ಲೇ ಸತ್ತಿದ್ದರಂತೆ.

ಈಗ ಕಲ್ಲು. ಇದನ್ನು ನಾನು ಯಾವಾಗಲೂ ಬಿಟ್ಟು ಹೇಳುತ್ತಿದ್ದೆ.

ಒಳಮೈಗೆ ಹಾಸುವ ಕಲ್ಲು ಗುಡ್ಡದಿಂದ ಬಂತು. ಒಳ್ಳೆ ಕಲ್ಲು, ಒಂದೊಂದೂ ಎರಡು ಮೊಳ ಉದ್ದ, ಚಪ್ಪಟೆ. ರಾಶಿ ಬಿದ್ದಿತ್ತು. ಮೊದಲು ಒಂದಷ್ಟು ಗಾಡಿ ಪೇಟೆಗೆ ಹೋಯಿತು, ಮಂತ್ರಿಯ ಮನೆಗೆ. ಆಮೇಲೆ ಒಂದಷ್ಟು ಭಾಮೈದನ ಅಕ್ಕಿ ಗಿರಣಿಗೆ. ಊರಿನಲ್ಲಿ ಗುಸುಗುಸು ಶುರುವಾಯಿತು. ಗುಸುಗುಸು ಶುರುವಾದ ದಿನವೇ ಭಾಮೈದ ಚಾವಡಿಗೆ ಬಂದು ಮನೆಗೊಂದು ಕಲ್ಲು ತಗೊಳ್ಳಿ ಅಂದ.

"ಸರ್ಕಾರದ ಕಲ್ಲು ಅಂದ್ರೆ ನಿಮ್ಮದೇ ಕಲ್ಲು. ನಿಮ್ಮದೇ ರಾಜ್ಯ ಅಲ್ವೇನ್ರಪ್ಪ?"

ಆಗ ನಮ್ಮೂರಲ್ಲಿ ಎಲ್ಲರ ಬಾಗಿಲಿಗೂ ಮಣ್ಣಿನ ಮೆಟ್ಟಿಲು. ಮಳೆಗೆ ಕರಗುವುದು, ಮತ್ತೆ ಮೆತ್ತುವುದು. ಹೆಂಗಸರಿಗೆ ಅದೇ ಕೆಲಸ. ಕಲ್ಲು ಅಂದರೆ ಯಾರು ಬೇಡ ಅಂತಾರೆ? ಎತ್ತು ಕಟ್ಟಿ ಎಳೆದು ತಂದರು. ಬಾಗಿಲ ಮುಂದೆ ಹೂತರು. ರಾಜ್ಯ ಬಂತು ಅಂದ್ರು, ಕೊನೆಗೆ ನಮ್ಮ ಬಾಗಿಲಿಗೂ ಬಂತು ನೋಡ್ರೋ ಅಂತ ಹಾಸ್ಯ ಮಾಡಿಕೊಂಡರಂತೆ. ನಮ್ಮ ಮನೆಗೂ ಒಂದು ಬಂತು. ನನ್ನ ತಾತ ಓಬಯ್ಯ ಊರಿನ ಐದು ಜನ ಹಿರಿಯರಲ್ಲಿ ಒಬ್ಬ. ಅವನಿಗೆ ಎಲ್ಲರಿಗಿಂತ ಒಳ್ಳೆ ಕಲ್ಲು ಕೊಟ್ಟರು.

ಕದಿರಜ್ಜ ಐದು ಜನರನ್ನೂ ಸೇರಿಸಿದ. ಚಾವಡಿಯಲ್ಲಿ ನಿಂತು ಹೇಳಿದ. ಅಡಿ ಇಲ್ಲ, ಮಣ್ಣು ಚೌಳು, ಕಲ್ಲು ನಿಮ್ಮ ಬಾಗಿಲಲ್ಲಿದೆ. ಇದು ತುಂಬಿದ ದಿನ ಒಡೆಯುತ್ತೆ. ನಾನು ಇದನ್ನು ಕಟ್ಟಿಲ್ಲ, ಕಟ್ಟುವುದೂ ಇಲ್ಲ, ಹೋಗುತ್ತೇನೆ. ಕೆಳಗೆ ಬರುವ ನಲವತ್ತು ಮನೆಯವರಿಗೆ ಹೇಳಿ ಹೋಗುತ್ತೇನೆ.

ಆಗ ನನ್ನ ತಾತ ಮಾತಾಡಿದ.

"ಕದಿರಪ್ಪ, ನೀನು ಹೇಳಿದ್ರೆ ಕೂಲಿ ಜಗಳಕ್ಕೆ ಹೇಳ್ತವ್ನೆ ಅಂತಾರೆ. ಮಂತ್ರಿ ಕಡೆಯೋರು ನಿನ್ನ ಸುಮ್ನೆ ಬಿಡಲ್ಲ. ನಾವು ಹೇಳ್ತೀವಿ. ನೀನು ಹೋಗು."

"ಹೇಳ್ತೀಯಾ ಓಬಯ್ಯ?"

"ಹೇಳ್ತೀನಿ."

ತಾತ ಕದಿರಜ್ಜನ ಕೈ ಮೇಲೆ ಕೈ ಇಟ್ಟ. ಕದಿರಜ್ಜ ನಂಬಿದ. ಕತ್ತೆ ಹೊಡೆದುಕೊಂಡು ಮಗಳ ಊರಿಗೆ ಹೋದ.

ಹೋಗುವಾಗ ಗುಡಿಸಲು ಕೀಳಲಿಲ್ಲ. ಕಟ್ಟಿದವನು ತಾನೇ ಕೀಳಬಾರದು ಅಂತ ಕಟ್ಟಳೆ ಇತ್ತಲ್ಲ. ಕಟ್ಟಿಲ್ಲ ಅಂತ ಬಾಯಲ್ಲಿ ಹೇಳಿದ. ಗುಡಿಸಲು ಬಿಟ್ಟು ಹೋದ. ಅದೊಂದು ತಪ್ಪು ಅವನದು. ಅಷ್ಟು ದೊಡ್ಡವನು ಅಷ್ಟು ಚಿಕ್ಕದನ್ನು ಯೋಚಿಸಲಿಲ್ಲ ಅಂತಾರೆ.

ನನ್ನ ತಾತ ಹೇಳಲಿಲ್ಲ. ನಾಳೆ ಹೇಳಿದರಾಯಿತು ಅಂತ ಒಂದು ದಿನ. ಬಿತ್ತನೆ ಮುಗಿಯಲಿ ಅಂತ ಒಂದು ತಿಂಗಳು. ಉಳಿದ ನಾಲ್ಕು ಜನ ಓಬಯ್ಯ ಹೇಳುತ್ತಾನೆ ಅಂತ ಸುಮ್ಮನಿದ್ದರು.

ಓಟು ಬರುವ ಮುಂಚೆ ಕೆರೆ ಮುಗಿಯಿತು. ಮಂತ್ರಿ ಬಂದು ದಾರ ಕತ್ತರಿಸಿದರು. ನಲವತ್ತು ಮನೆಯವರು ಗಂಟು ಮೂಟೆ ಕಟ್ಟಿಕೊಂಡು ಕೆಳಗೆ ಬಂದರು. ಯಾವ ಧಣಿಯೂ ಕೂಗದ ಬೆಳಗ್ಗೆ ಅಂದರೆ ಹೇಗಿರುತ್ತೆ ಅಂತ ಅವರಿಗೆ ಅಲ್ಲೇ ಗೊತ್ತಾದದ್ದು. ಎದ್ದು, ಏನು ಮಾಡಬೇಕು ತಿಳಿಯದೆ, ತಮ್ಮ ಹೊಲದ ಬದುವಿನ ಮೇಲೆ ಕೂತಿರುತ್ತಿದ್ದರಂತೆ.

ಏರಿ ಕೆಳಗೆ ಗುಡಿಸಲು ಇತ್ತು. ಭಾಮೈದ ಒಬ್ಬ ಆಳಿಗೆ ಹೇಳಿ ದಿನಾ ಬೆಳಗ್ಗೆ ಅದರಲ್ಲಿ ಒಲೆ ಹಚ್ಚಿಸುತ್ತಿದ್ದ. ಅಜ್ಜ ಎಲ್ಲಿ ಅಂತ ಯಾರಾದರೂ ಕೇಳಿದರೆ, ಮಗಳ ಮನೆಗೆ ಹೋಗಿದ್ದಾನೆ, ಬರುತ್ತಾನೆ, ಹೊಗೆ ಕಾಣಲ್ವಾ ಅನ್ನುತ್ತಿದ್ದ. ಹೊಗೆ ಕಾಣುತ್ತಿತ್ತು. ಕೆಳಗಿನ ಹೆಂಗಸರು ಅದನ್ನು ನೋಡಿ ತಮ್ಮ ಒಲೆ ಹಚ್ಚುತ್ತಿದ್ದರು.

ಆ ವರ್ಷ ಮಳೆ ಹಿಡಿಯಿತು. ಎರಡು ದಿನ ಬಿಡಲಿಲ್ಲ. ಸುಂಕಲಮ್ಮನ ಊರಿಗೆ ಒಬ್ಬ ಬಳೆಗಾರ ಬಂದ. ಜಗಲಿಯಲ್ಲಿ ಬಳೆಯ ಮಲಾರ ಇಳಿಸಿ, ಒಳಗೆ ಉಣ್ಣುತ್ತಿದ್ದ ಮುದುಕನನ್ನು ನೋಡಿದ.

"ಇದೇನಜ್ಜ, ಎರಡು ಮೈಯೇನು ನಿಂಗೆ? ಅಲ್ಲಿ ಕೆರೆ ಕೆಳಗೆ ದಿನಾ ಅಡಿಗೆ ಮಾಡ್ತೀಯ, ಇಲ್ಲಿ ಉಣ್ತೀಯ?"

ಕದಿರಜ್ಜ ತುತ್ತು ಕೆಳಗಿಟ್ಟ. ಅಲ್ಲಿ ಜನ ಇದ್ದಾರಾ ಅಂತ ಕೇಳಿದ. ನಲವತ್ತು ಮನೆ ತುಂಬಾ ಇದ್ದಾರೆ ಅಂದ ಬಳೆಗಾರ. ನಿನ್ನ ಗುಡಿಸಲು ನೋಡಿಕೊಂಡು ಇನ್ನೂ ನಾಲ್ಕು ಮನೆಯವರು ಬಂದರು ಅಂದ. ಕದಿರಜ್ಜ ಕೈ ತೊಳೆಯಲಿಲ್ಲ. ಹಾಗೇ ಎದ್ದ. ಮಗಳು ಅಡ್ಡ ನಿಂತಳಂತೆ. ನನ್ನ ಗುಡಿಸಲು ಸುಳ್ಳು ಹೇಳ್ತಾ ಐತೆ ಕಣವ್ವಾ ಅಂದನಂತೆ. ನಾಲ್ಕು ಹರದಾರಿ, ಮಳೆಯಲ್ಲಿ, ಆ ವಯಸ್ಸಿನಲ್ಲಿ ನಡೆದ. ದಾರಿಯಲ್ಲಿ ಹಳ್ಳಗಳು ಅವನಿಗೆ ದಾರಿ ಬಿಟ್ಟವು ಅಂತಾರೆ. ಬಿಟ್ಟಿರಲಾರವು. ಈಜಿರಬೇಕು.

ಬೆಳಗ್ಗೆ ನಮ್ಮೂರು ಮುಟ್ಟಿದ. ಮೊದಲು ಬಂದದ್ದು ನನ್ನ ತಾತನ ಬಾಗಿಲಿಗೆ. ಕಲ್ಲಿನ ಮೇಲೆ ಕಾಲಿಡಲಿಲ್ಲ. ಕೆಸರಲ್ಲೇ ನಿಂತ.

"ಓಬಯ್ಯ, ಹೇಳಿದೆಯಾ?"

ತಾತ ಬಾಗಿಲಲ್ಲಿ ನಿಂತಿದ್ದ. ಒಂದು ಹೆಜ್ಜೆ ಒಳಗೆ ಸರಿದ.

ಕದಿರಜ್ಜ ಬೈಯಲಿಲ್ಲ. ತಿರುಗಿ ಓಡಿದ. ಏರಿಯ ಬುಡಕ್ಕೆ ಬಂದರೆ ಗುಡಿಸಲಿಗೂ ಕೆಳಗಿನ ಮನೆಗಳಿಗೂ ನಡುವೆ ಹಳ್ಳ ಎದ್ದಿತ್ತು. ದಾಟುವ ಹಾಗಿರಲಿಲ್ಲ. ಕೂಗಿದ. ನೀರಿನ ಸದ್ದಿಗೆ ಕೇಳಲಿಲ್ಲ. ಬೆನ್ನ ಹಿಂದೆ ಏರಿಯಿಂದ ನೀರು ಒಸರುತ್ತಿತ್ತು. ಮೊದಲು ಹಗ್ಗದ ದಪ್ಪ. ಹಾಲಿನ ಬಣ್ಣದ ನೀರು.

ಅವನಿಗೆ ಒಂದೇ ದಾರಿ ತೋರಿತು. ಗುಡಿಸಲು ಇಲ್ಲವಾಗಬೇಕು. ಅದು ಇಲ್ಲವಾದರೆ ಅವರಿಗೆ ತಿಳಿಯುತ್ತೆ. ಕಟ್ಟಳೆ ಮುರಿದು ಕೀಳಲು ಹೋದ. ಬರಲಿಲ್ಲ. ಕತ್ತಾಳೆ ಹಗ್ಗ ಮಳೆಗೆ ನೆನೆದು ಇನ್ನಷ್ಟು ಬಿಗಿದಿತ್ತು. ಕಟ್ಟಿದ್ದು ಅವನೇ. ಒಲೆಯಲ್ಲಿ ಆಳು ಬೆಳಗ್ಗೆ ಹಚ್ಚಿಹೋದ ಕೆಂಡ ಇತ್ತು. ತೆಗೆದು ಸೂರಿಗೆ ತುರುಕಿದ. ನೆನೆದ ಗರಿ ಹತ್ತಲಿಲ್ಲ. ಹೊಗೆಯಾಡಿತು. ಊದಿದ. ಇನ್ನೂ ಹೊಗೆಯಾಡಿತು.

ಕೆಳಗಿನವರು ನೋಡಿದರು.

"ಅಜ್ಜ ಬಂದವ್ನೆ ಕಣ್ರೇ! ಇವತ್ತು ಒಲೆ ಜೋರಾಗೈತೆ."

"ಕೋಳಿ ಗೀಳಿ ಸಿಕ್ಕಿರ್ಬೇಕು ಬಿಡೇ ಮುದುಕಂಗೆ."

ನಕ್ಕರು. ಒಲೆ ಹಚ್ಚಲು ಒಳಗೆ ಹೋದರು.

ಒಬ್ಬಳು ಒಳಗೆ ಹೋಗಲಿಲ್ಲ. ಸಣ್ಣಕ್ಕ ಅಂತ. ಅವಳು ನೋಡುತ್ತಲೇ ನಿಂತಳು. ಮುದುಕ ಹಲ್ಲಿನಿಂದ ಹಗ್ಗ ಕಚ್ಚುತ್ತಿದ್ದ. ಕಟ್ಟಿದವನೇ ಕೀಳುತ್ತಿದ್ದಾನೆ. ಏರಿ ನಿಲ್ಲಲ್ಲ ಅಂತ ಅವಳಿಗೆ ತಿಳಿಯಿತು. ಐದು ವರ್ಷದ ಮಗಳನ್ನು ಕಂಕುಳಲ್ಲಿ ಅವುಚಿಕೊಂಡು ದಿಬ್ಬಕ್ಕೆ ಓಡಿದಳು. ಓಡುತ್ತಾ ಕಿರುಚಿದಳು. ಅವಳ ಹಿಂದೆ ಒಂಬತ್ತು ಜನ ಓಡಿದರು. ಉಳಿದವರು ಇವಳಿಗೆ ಮೈಮೇಲೆ ಬಂದಿದೆ ಅಂದರು.

ಮಧ್ಯಾಹ್ನ ಏರಿ ಒಡೆಯಿತು.

ಬದುಕಿದ್ದು ಹನ್ನೊಂದು ಜನ. ಹೋದವರನ್ನು ಎಣಿಸಿದವರಿಲ್ಲ. ಸಣ್ಣಕ್ಕನ ಆ ಮಗಳ ಮಗಳೇ ನನ್ನ ಹೆಂಡತಿ ಪಾಲಕ್ಕ.

ನಾನು ಹೇಳುತ್ತಿದ್ದ ಕತೆಯಲ್ಲಿ ಕದಿರಜ್ಜ ಏರಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದ. ಎಲ್ಲರೂ ದಿಬ್ಬ ಹತ್ತುವವರೆಗೂ ನೀರು ತಡೆಯುತ್ತಿದ್ದ. ಆಮೇಲೆ ಬಂಡೆಯಾಗುತ್ತಿದ್ದ. ಕೇಳಿದವರು ಕೈ ಮುಗಿಯುತ್ತಿದ್ದರು. ಅದು ನಡೆದದ್ದಲ್ಲ. ಮೂರನೇ ದಿನ ಮುಳ್ಳಿನ ಬೇಲಿಯಲ್ಲಿ ಸಿಕ್ಕಿದ. ಬಾಯಲ್ಲಿ ಕತ್ತಾಳೆ ನಾರು ಇತ್ತು.

ಮೇಲಿನಿಂದ ವಿಚಾರಣೆಗೆ ಬಂದರು. ಕಟ್ಟಿದ ಮೇಸ್ತ್ರಿಯೇ ಕೊನೆವರೆಗೂ ಏರಿ ಕೆಳಗೆ ವಾಸವಿದ್ದ, ಆದ್ದರಿಂದ ಏರಿ ಭದ್ರವಾಗಿಯೇ ಇತ್ತು, ಮಳೆ ಹೆಚ್ಚಾಯಿತು ಅಂತ ಬರೆದರು. ನಮ್ಮೂರಿನ ಐದು ಜನ ಹಿರಿಯರು ಹೌದು ಅಂತ ಹೆಬ್ಬೆಟ್ಟು ಒತ್ತಿದರು. ಮಂತ್ರಿ ಬಂದು ಅತ್ತರು. ಸೀರೆ ಪಂಚೆ ಹಂಚಿದರು. ಮತ್ತೆ ಕಟ್ಟುತ್ತೇವೆ ಅಂತ ಗೂಟ ನೆಟ್ಟರು. ಗೂಟ ಗೆದ್ದಲು ತಿಂದಿತು. ಸಣ್ಣಕ್ಕ ಮತ್ತೆ ಜೀತಕ್ಕೆ ಹೋದಳು, ಅದೇ ಧಣಿಯ ಮನೆಗೆ.

ಆಮೇಲೆ ನಮ್ಮೂರಿಗೆ ಏನೇನೋ ಬಂತು. ಸಿಡುಬು ಬರದ ಹಾಗೆ ದಾಕು ಚುಚ್ಚುವವರು ಬಂದರೆ ಜನ ಹೊಲಕ್ಕೆ ಓಡಿದರು. ಸ್ಕೂಲು ಕಟ್ಟಿದರು. ಒಳ್ಳೇದೇ ಕಟ್ಟಿದ್ದರೋ ಏನೋ. ನಾಲ್ಕು ಹನಿ ಬಿದ್ದರೆ ತಾಯಂದಿರು ಹೋಗಿ ಮಕ್ಕಳನ್ನು ಆಚೆ ಎಳೆದು ತರುತ್ತಿದ್ದರು. ಮಕ್ಕಳು ಮಳೆಯಲ್ಲಿ ನೆನೆದರೂ ಸರಿ, ಸರ್ಕಾರದ ಸೂರಿನ ಕೆಳಗೆ ಬೇಡ. ನಾನು ಮೂರನೇ ಕ್ಲಾಸಿಗೆ ನಿಂತದ್ದೂ ಹಾಗೇ.

ಈಗಲೂ ಪ್ರತಿ ವರ್ಷ ಮುಂಗಾರಿಗೆ ಮುಂಚೆ ನಮ್ಮೂರಿನವರು ತಮಟೆ ಬಡಿದುಕೊಂಡು ಆ ಒಡಕಲು ಏರಿಯ ಹತ್ತಿರ ಹೋಗುತ್ತಾರೆ. ಅಲ್ಲಿ ಸಣ್ಣದೊಂದು ಗುಡಿಸಲು ಕಟ್ಟುತ್ತಾರೆ. ಚೆನ್ನಾಗಿ ಒಣಗಿದ ಗರಿ ಹುಡುಕಿ ಹೊದಿಸುತ್ತಾರೆ. ನಡುಹಗಲಲ್ಲಿ ಬೆಂಕಿ ಇಡುತ್ತಾರೆ. ಒಂದು ಕಡ್ಡಿ ಉಳಿಯದ ಹಾಗೆ ಉರಿಯಬೇಕು. ಉರಿದ ಮೇಲೆ, ಕದಿರಜ್ಜ, ನಿನ್ನ ಗುಡಿಸಲು ನಾವು ಕಿತ್ತೆವು ಅಂತ ಮೂರು ಸಲ ಕೂಗುತ್ತಾರೆ. ಆಮೇಲೆ ಮನೆಗೆ ಬಂದು ಬಾಗಿಲ ಕಲ್ಲಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಾರೆ. ಅವೇ ಕಲ್ಲು. ಪಾಲಕ್ಕ ಹೋಗುವ ದಿನದವರೆಗೂ ಒಂದನ್ನೂ ಯಾರೂ ಕಿತ್ತಿರಲಿಲ್ಲ. ಕೂತು ಕೂತು ನುಣ್ಣಗಾಗಿವೆ. ನಾನೂ ಕೂತಿದ್ದೇನೆ.

ಪಾಲಕ್ಕ ಕೂರುತ್ತಿರಲಿಲ್ಲ. ನಲವತ್ತೊಂದು ವರ್ಷ ಅದನ್ನು ದಾಟಿಕೊಂಡೇ ಓಡಾಡಿದಳು. ತಲೆ ಮೇಲೆ ಕೊಡ ಇದ್ದರೂ ದಾಟುವಳು. ಬಸುರಿಯಾಗಿದ್ದಾಗಲೂ ದಾಟುವಳು. ಒಂದು ದಿನವೂ ತುಳಿಯಲಿಲ್ಲ. ಬಾಗಿಲಿಗೆ ಮರ್ಯಾದೆ ಅಂತ ನಾನು ತಿಳಿದಿದ್ದೆ.

ಅವಳನ್ನು ಸಂಜೆ ಮಣ್ಣು ಮಾಡಿ ಬಂದೆವು. ಹೊತ್ತವರು ಆ ಕಲ್ಲು ತುಳಿದುಕೊಂಡೇ ಅವಳನ್ನು ಆಚೆ ತಂದಿದ್ದರು.

ಮಾರನೇ ಬೆಳಗ್ಗೆ ಎದ್ದು ಹಾರೆ ತಗೊಂಡೆ. ಎದುರು ಮನೆ ಬೋರಯ್ಯ ಬಂದ.

"ಸೂತಕದಾಗೆ ಬಾಗಿಲಿಗೆ ಹಾರೆ ಹಾಕ್ತೀಯಲ್ಲಣ್ಣ, ತಲೆ ನೆಟ್ಟಗೈತಾ?"

"ಇದು ಕೆರೆ ಕಲ್ಲು ಕಣೋ," ಅಂದೆ.

ಅವನು ತನ್ನ ಬಾಗಿಲ ಕಡೆ ತಿರುಗಿ ನೋಡಿದ. ಒಳಗೆ ಹೋದ. ಕಲ್ಲು ಏಳಲು ಬಹಳ ಹೊತ್ತು ಹಿಡಿಯಿತು. ಹಗ್ಗ ಕಟ್ಟಿ ಒಬ್ಬನೇ ಎಳೆದೆ. ಕೂರುವುದು, ಎಳೆಯುವುದು. ಮಧ್ಯಾಹ್ನ ಏರಿ ಮುಟ್ಟಿದೆ. ಒಳಮೈ ಅಗೆದು, ಚೌಳು ತೆಗೆದು, ಕಲ್ಲು ಮಲಗಿಸಿ, ಸಂದಿಗೆ ಮನೆಯಿಂದ ಗಂಟು ಕಟ್ಟಿ ತಂದಿದ್ದ ಎರೆಮಣ್ಣು ತುಂಬಿ ತುಳಿದೆ.